ಉಂಡು ಹೊರಟ ಮೀನುಗಳು

ನಮ್ಮ ಹಿತ್ತಿಲಲ್ಲಿ ನೀಲಿ ಬಣ್ಣದ ಒಂದು ಪ್ಲಾಸ್ಟಿಕ್ ಡ್ರಮ್ಮು ಇದೆ. ಅದರ ಮುಚ್ಚಳಕ್ಕೆ ಕಾಸಿದ ಕಬ್ಬಿಣದ ಸರಳಿನಿಂದ ಒಂಬತ್ತು ತೂತು ಕೊರೆದಿದೆ. ಹಾಗಾಗಿ ರಾಗಿ ತುಂಬಲು ಬರುವುದಿಲ್ಲ, ಹುಳ ಇಳಿಯುತ್ತದೆ. ನೀರು ತುಂಬೋಣವೆಂದರೆ ಬಿಸಿಲು ಏರಿದಾಗ ಅದರಿಂದ ಈಗಲೂ ಒಂದು ವಾಸನೆ ಬರುತ್ತದೆಂದು ನನ್ನ ಹೆಂಡತಿಯ ದೂರು. ಹಳೇ ಸಾಮಾನಿನವನಿಗೆ ಹಾಕಿಬಿಡಿ ಎಂದು ಅವಳು ಹೇಳುತ್ತಲೇ ಇದ್ದಾಳೆ, ನಾನು ಹಾಕಿಲ್ಲ. ಅಷ್ಟೇ ಅಲ್ಲ, ಬೆಳಿಗ್ಗೆ ಹಲ್ಲುಜ್ಜುತ್ತ ಆ ಕಡೆ ಹೋದಾಗಲೆಲ್ಲ ಮುಚ್ಚಳ ಎತ್ತಿ ಒಳಗೊಮ್ಮೆ ನೋಡುತ್ತೇನೆ. ಒಳಗೆ ಏನೂ ಇರುವುದಿಲ್ಲ. ಇಲ್ಲವೆಂದು ಗೊತ್ತಿದ್ದೂ ನೋಡುತ್ತೇನೆ.

ಮುಚ್ಚಿದ್ದನ್ನು ಎತ್ತಿ ನೋಡುವುದು ನಮ್ಮ ಮನೆತನದ ರೋಗ. ನಮ್ಮಜ್ಜಿ ಹುರಿಹಿಟ್ಟನ್ನು ಮಡಕೆಗೆ ತುಂಬಿದ ಮೇಲೆ ಮೇಲ್ಗಡೆ ಸಮಮಾಡಿ, ತನ್ನ ಅಂಗೈಯನ್ನು ಅದರ ಮೇಲೆ ಒತ್ತಿಡುತ್ತಿದ್ದಳು. ಮಾರನೆಯ ದಿನ ಆ ಗುರುತು ಹಾಗೇ ಇದ್ದರೆ ಮನೆಯವರೆಲ್ಲ ಒಳ್ಳೆಯವರು, ಇಲ್ಲದಿದ್ದರೆ ವಿಚಾರಣೆ. ಒಮ್ಮೆ ನಾನು ಎರಡು ಹಿಡಿ ಹಿಟ್ಟು ಕದ್ದು ಬೆಲ್ಲದ ಜೊತೆ ಮುಕ್ಕಿ, ಸಾಕ್ಷ್ಯ ನಾಶಮಾಡಲು ಹಿಟ್ಟನ್ನು ಸಮಮಾಡಿ ನನ್ನದೇ ಅಂಗೈ ಒತ್ತಿಬಂದಿದ್ದೆ. ಏಳು ವರ್ಷದವನ ಅಂಗೈ ಅಜ್ಜಿಯದಕ್ಕಿಂತ ಚಿಕ್ಕದು ಎಂಬುದು ಬೆನ್ನ ಮೇಲೆ ಏಟು ಬೀಳುವವರೆಗೂ ನನಗೆ ಹೊಳೆದಿರಲಿಲ್ಲ.

ಅಜ್ಜಿಯಿಂದ ಅದು ಸೊಸೆಗೆ, ಅಂದರೆ ನಮ್ಮವ್ವನಿಗೆ ಬಂತು. ಅವ್ವ ತಾಳವಾಡಿ ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಒಳಗೆ ಹುಳವಿದ್ದರೆ ಅವಳಿಗೆ ಕೇಳಿಸುತ್ತದಂತೆ. ಅವ್ವನಿಂದ ನನಗೆ ಬಂದದ್ದು ಮೇಷ್ಟರ ಕೆಲಸದಲ್ಲಿ ಇನ್ನಷ್ಟು ಬಲಿಯಿತು. ಮೂವತ್ತೊಂದು ವರ್ಷ ಈ ಬೆಟ್ಟದ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿದ್ದೇನೆ, ಪರೀಕ್ಷಾ ಕೊಠಡಿಯಲ್ಲಿ ಕಾವಲು ನಿಂತಿದ್ದೇನೆ. ಅಷ್ಟು ವರ್ಷ ಮಕ್ಕಳ ತೋಳಿನ ಮಡಿಕೆ, ಸ್ಕೇಲಿನ ಹಿಂಬದಿ, ಅಂಗೈ ಬೆವರು ನೋಡಿದವನಿಗೆ ಯಾರಾದರೂ ಸುಮ್ಮನೆ ಮೇಲೆ ನೋಡಿದರೂ ಸಾಕು, ಏನೋ ಇದೆ ಅನ್ನಿಸುತ್ತದೆ. ನಿವೃತ್ತಿಯಾದ ಮೇಲೂ ಅದು ಹೋಗಿಲ್ಲ.

ನಮ್ಮ ಮನೆಗೆ ಇನ್ನೊಂದು ಪದ್ಧತಿಯೂ ಉಂಟು, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮನೆಯಿಂದ ಹೊರಟವರು ಯಾರೇ ಆಗಲಿ, ಉಂಡೇ ಹೊರಡಬೇಕು. ನಮ್ಮ ಕಡೆಯವರು ಸತ್ಯಮಂಗಲಕ್ಕೋ ಈರೋಡಿಗೋ ಹೋಗಬೇಕಾದರೆ ದಿಂಬದ ಘಾಟಿಯ ಇಪ್ಪತ್ತೇಳು ತಿರುವು ಇಳಿಯಬೇಕು. ತಿಳಿದವರು ಬರಿಹೊಟ್ಟೆಯಲ್ಲಿ, ಕೈಯಲ್ಲೊಂದು ನಿಂಬೆಹಣ್ಣು ಹಿಡಿದು ಬಸ್ಸು ಹತ್ತುತ್ತಾರೆ. ನನ್ನನ್ನು ಅವ್ವ ಎರಡು ಮುದ್ದೆ ಉಣ್ಣಿಸಿ ಹತ್ತಿಸುತ್ತಿದ್ದಳು. ಏಳನೆಯ ತಿರುವಿನ ಹೊತ್ತಿಗೆ ನನ್ನ ತಲೆ ಕಿಟಕಿಯ ಹೊರಗೆ. ಊರಿಗೆ ಬಂದು ಹೇಳಿದರೆ ಅವ್ವ ಡೀಸೆಲ್ ವಾಸನೆಯ ಮೇಲೆ, ಡ್ರೈವರನ ಮೇಲೆ, ಹೊರಡುವಾಗ ಎದುರಿಗೆ ನಿಂತಿದ್ದ ಪಕ್ಕದ ಮನೆಯವಳ ಕಣ್ಣಿನ ಮೇಲೆ ಅನುಮಾನಪಡುತ್ತಿದ್ದಳು. ಮುದ್ದೆಯ ಮೇಲೆ ಮಾತ್ರ ಎಂದೂ ಪಟ್ಟವಳಲ್ಲ.

ಇನ್ನು ಮೀನಿನ ವಿಷಯ. ಲಿಂಗ ಕಟ್ಟಿದ ಮನೆಗೆ ಮೀನು ಹೇಗೆ ಬಂತು ಎಂದು ನೀವು ಕೇಳುವುದು ನ್ಯಾಯವೇ. ತಿಗನಾರೆಯ ನಮ್ಮ ಹೊಲದಲ್ಲಿ ಕೆಲವು ವರ್ಷದ ಹಿಂದೆ ಒಂದು ಕೃಷಿಹೊಂಡ ತೋಡಿಸಿ, ನೀರು ಇಂಗದ ಹಾಗೆ ಕರಿ ಪ್ಲಾಸ್ಟಿಕ್ ಹಾಳೆ ಹಾಸಿದೆವು. ಹೊಂಡ ನೋಡಲು ಬಂದ ಅಧಿಕಾರಿಯೊಬ್ಬರು, ಸೊಳ್ಳೆಯ ಕಾಟ ತಪ್ಪುತ್ತದೆಂದು ಹೇಳಿ, ನಮ್ಮನ್ನು ಕೇಳದೆಯೇ ಒಂದು ಚೀಲ ಮೀನುಮರಿ ಸುರಿದು ಹೋದರು. ಅವ್ವ ಎರಡು ದಿನ ಹೊಂಡದ ಕಡೆ ತಲೆಹಾಕಲಿಲ್ಲ. ಮೂರನೆಯ ದಿನ ಮಿಕ್ಕಿದ ಮುದ್ದೆಯ ಚೂರು ಹಿಡಿದು ಹೋದಳು. ವರ್ಷ ತುಂಬುವ ಹೊತ್ತಿಗೆ, ಅವ್ವ ದಡದಲ್ಲಿ ನಿಂತು ಬನ್ರಪ್ಪ ಎಂದರೆ ಬರುತ್ತಿದ್ದವು. ಕಾಗೆ, ಕೊಕ್ಕರೆ, ನೀರುನಾಯಿಗಳೆಲ್ಲ ತಿಂದು ಉಳಿದವು ಹದಿನೇಳು. ಅವುಗಳಲ್ಲಿ ಕೆಂಪು ಮಿಶ್ರಿತ ಬಣ್ಣದ ಒಂದು ದೊಡ್ಡ ಗೆಂಡೆಮೀನಿಗೆ ಕೆಂಚ ಎಂದು ಹೆಸರು. ಅಪ್ಪ ಹೋಗಿ, ತಂಗಿ ಗಂಡನ ಮನೆ ಸೇರಿದ ಮೇಲೆ ಮನೆಯಲ್ಲಿ ಅವ್ವ ಹೆಸರು ಹಿಡಿದು ಕರೆಯುತ್ತಿದ್ದದ್ದು ನನ್ನನ್ನು ಮತ್ತು ಕೆಂಚನನ್ನು ಮಾತ್ರ. ಇಬ್ಬರಲ್ಲಿ ಕರೆದ ತಕ್ಷಣ ಬರುತ್ತಿದ್ದವನು ಕೆಂಚ.

ಹೋದ ಬೇಸಿಗೆಯಲ್ಲಿ ಆನೆಯೊಂದು ನೀರು ಕುಡಿಯಲು ಹೊಂಡಕ್ಕೆ ಇಳಿಯಿತು. ಕುಡಿದದ್ದಕ್ಕೆ ಯಾರದ್ದೂ ತಕರಾರಿಲ್ಲ. ಹತ್ತಿ ಹೋಗುವಾಗ ಜಾರಿ, ಹಾಳೆಯನ್ನು ಮೂರು ಕಡೆ ತುಳಿದು ಹರಿದು ಹೋಯಿತು. ಅಂದಿನಿಂದ ನೀರು ದಿನಕ್ಕೆ ನಾಲ್ಕು ಬೆರಳು ಇಳಿಯತೊಡಗಿತು. ವಾರದೊಳಗೆ ಮೀನುಗಳ ಬೆನ್ನು ಕಾಣುವ ಅಂದಾಜು. ದೊಡ್ಡಗಾಜನೂರಿನಲ್ಲಿ ನನ್ನ ತಂಗಿ ಗೌರಿಯ ಮನೆಯಲ್ಲಿ ಚೆಂಡುಹೂವಿನ ತೋಟಕ್ಕೆ ನೀರು ನಿಲ್ಲಿಸುವ ಕಲ್ಲು ಕಟ್ಟಿದ ಹೊಂಡವಿದೆ. ಅಲ್ಲಿಗೆ ಸಾಗಿಸುವುದೆಂದು ತೀರ್ಮಾನವಾಯಿತು. ಅವ್ವ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಅವು ಹೊರಡುವವರೆಗೂ ರಾತ್ರಿಯ ಊಟಕ್ಕೆ ಕೂತವಳು ತಟ್ಟೆಯಲ್ಲಿ ಕೈಯಾಡಿಸಿ ಎದ್ದುಬಿಡುತ್ತಿದ್ದಳು.

ಸಾಗಿಸುವುದು ಯಾರು? ಮೀನು ತಿನ್ನದವರಿಗೆ ಮೀನು ಹಿಡಿಯಲು ಬಾರದು, ಹಿಡಿಯಲು ಬಲ್ಲವರು ತಿನ್ನದೆ ಬಿಡುವುದಿಲ್ಲ. ಇದು ನನ್ನ ಅನುಮಾನದ ಮೊದಲ ಸೂತ್ರ. ಜಡೆಯ ಎಂಬುವನ ಹೆಸರು ಹೇಳಿದವರು ಊರಿನವರೇ. ಹಾಸನೂರಿನ ಹತ್ತಿರ ಕಾಡಂಚಿನ ಪೋಡಿನ, ಅಂದರೆ ಗಿರಿಜನರ ಹಾಡಿಯವನು, ನನ್ನ ವಯಸ್ಸಿನವನೇ. ಘಾಟಿಯ ಕೆಳಗೆ ಅಣೆಕಟ್ಟಿನ ಬಳಿ ಮೀನುಮರಿ ಸಾಕುವ ಕಡೆ ವರ್ಷಗಟ್ಟಲೆ ದುಡಿದು, ಗಾಳಿ ತುಂಬಿದ ಚೀಲಗಳಲ್ಲಿ ಮರಿಗಳನ್ನು ಇಪ್ಪತ್ತೇಳು ತಿರುವು ಹತ್ತಿಸಿ ತಂದವನು. ಬಂದ. ಹೊಂಡದ ಸುತ್ತ ಒಂದು ಸುತ್ತು ನಡೆದು ನೀರಿಗೆ ಕೈಯದ್ದಿ ನೋಡಿದ. ಅವ್ವ ಅವನಿಗೆ ಕೊಟ್ಟಿಗೆಯ ಗೂಡಿನಲ್ಲಿ ಬೇರೆಯಾಗಿಟ್ಟಿದ್ದ ಲೋಟದಲ್ಲಿ ಕಾಫಿ ಕೊಟ್ಟಳು. ಅದು ನನಗೆ ಸರಿಕಾಣಲಿಲ್ಲ, ಆದರೂ ನನ್ನ ಕಾಫಿ ಕುಡಿದು ಮುಗಿಸಿದೆ.

ಜಡೆಯ ಹೊಂಡದ ಮೂಲೆಯಲ್ಲಿ ನಾಲ್ಕು ಗಳ ನೆಟ್ಟು, ಬಲೆಯ ತೊಟ್ಟಿಲಿನಂಥದ್ದೊಂದು ಕಟ್ಟಿದ. ಹದಿನೇಳನ್ನೂ ನಿಧಾನವಾಗಿ ಹಿಡಿದು ಅದರೊಳಗೆ ಬಿಟ್ಟ. ಆಮೇಲೆ ಬಂದು ನನ್ನ ಮುಂದೆ ನಿಂತ.

“ಎಲ್ಡು ದಿನ ಏನೂ ಆಕ್ಬ್ಯಾಡಿ ಮೇಷ್ಟ್ರೇ. ಒಟ್ಟ ಕಾಲಿ ಇರ್ಬೇಕು. ಒಟ್ಟ ತುಂಬಿದ್ರ ಡ್ರಮ್ನ ನೀರೆಲ್ಲ ಕೆಡುಸ್ತವ.”

ಅವ್ವ ದಡದ ಮೇಲಿದ್ದಳು. ಮುಖ ನೋಡಿದರೆ ಅವಳಿಗೂ ಕೇಳಿಸಿತೆಂದು ತಿಳಿಯಿತು. ನನ್ನ ತಲೆಯಂತೂ ಆಗಲೇ ಲೆಕ್ಕ ಬಿಡಿಸತೊಡಗಿತ್ತು. ಎರಡು ದಿನ ಉಪವಾಸ ಕೆಡವಿದರೆ ಮೀನು ಸೊರಗುತ್ತದೆ. ಸೊರಗಿದ್ದು ದಾರಿಯಲ್ಲಿ ಸಾಯುತ್ತದೆ. ಸತ್ತ ಮೀನನ್ನು ನಮ್ಮ ಮನೆಯವರು ಏನು ಮಾಡುತ್ತಾರೆ? ಮುಟ್ಟುವುದೂ ಇಲ್ಲ. ಆಗ ಅದು ಯಾರ ಪಾಲು? ಉತ್ತರ ಸರಿಬಂದಾಗ ಮೇಷ್ಟರಿಗೆ ಆಗುವ ಸಂತೋಷ ನನಗಾಯಿತು. ಜಡೆಯ ಬೀಡಿ ಹಚ್ಚಿಕೊಂಡು ಆಕಾಶ ನೋಡುತ್ತಿದ್ದ. ಪರೀಕ್ಷೆಯಲ್ಲಿ ಮೇಲೆ ನೋಡುವವರನ್ನು ನಾನು ಬಲ್ಲೆ.

ಮೊದಲ ದಿನ ಜಡೆಯನ ಮಾತಿನಂತೆ ಏನೂ ಹಾಕಲಿಲ್ಲ. ಎರಡನೆಯ ದಿನವೂ ತಡೆದೆ. ಹೊರಡುವ ದಿನ ಬೆಳಕು ಹರಿಯುವ ಮುಂಚೆ ಜಡೆಯ ಜಗಲಿಯಲ್ಲಿ ಮಲಗಿದ್ದಾಗ, ಎಮ್ಮೆಗೆ ಇಟ್ಟಿದ್ದ ಕಡಲೆಕಾಯಿ ಹಿಂಡಿಯನ್ನು ಒಂದು ಬೊಗಸೆ ಪುಡಿಮಾಡಿ, ಪಂಚೆಯ ಮಡಿಲಲ್ಲಿ ಕಟ್ಟಿಕೊಂಡು ಹೊಂಡಕ್ಕೆ ಹೋದೆ. ಬಲೆಯೊಳಗೆ ಉದುರಿಸಿದೆ. ಮೀನುಗಳು ಮುಗಿಬಿದ್ದು ತಿಂದವು. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ. ಹಿಂದಿರುಗುವಾಗ ಬದುವಿನ ಮೇಲೆ ಅವ್ವ ಎದುರಾದಳು. ಸೆರಗಿನೊಳಗೆ ಏನೋ ಇತ್ತು. ಹೂವು ಕೀಳಲು ಬಂದೆ ಎಂದಳು. ನಾನು ಕೊಳವೆ ನೋಡಲು ಬಂದೆ ಎಂದೆ. ಇಬ್ಬರೂ ಒಬ್ಬರನ್ನೊಬ್ಬರು ಒಂದು ಗಳಿಗೆ ನೋಡಿ, ನಮ್ಮ ನಮ್ಮ ದಾರಿ ಹಿಡಿದೆವು. ಆ ಕಡೆ ಹೂವಿನ ಗಿಡವೇ ಇಲ್ಲ ಎಂಬುದು ನನಗೆ ಹೊಳೆಯಬೇಕಿತ್ತು. ನನ್ನ ಅನುಮಾನವೆಲ್ಲ ಜಡೆಯನಿಗೇ ಖರ್ಚಾಗಿ ಹೋಗಿತ್ತು.

ಬೆಳಕು ಹರಿದ ಮೇಲೆ ಗಾಡಿ ಬಂತು. ನಮ್ಮ ಕಡೆ ಎಲ್ಲರೂ ಕುಟ್ಟಿಯಾನೆ ಎನ್ನುವ ಪುಟ್ಟ ಸರಕು ಗಾಡಿ. ದೊಡ್ಡ ಆನೆ ಕೆಡಿಸಿದ್ದನ್ನು ಮರಿಯಾನೆ ಸರಿಮಾಡಲಿ ಎಂದುಕೊಂಡೆ. ಓಡಿಸುವವನು ಸತ್ಯಮಂಗಲದ ಕಡೆಯವನು, ತಮಿಳು ಬಿಟ್ಟು ಬೇರೆ ಆಡುತ್ತಿರಲಿಲ್ಲ. ಜಡೆಯ ನಮ್ಮ ನೀಲಿ ಡ್ರಮ್ಮಿನ ಮುಚ್ಚಳಕ್ಕೆ ಗಾಳಿಯಾಡಲು ತೂತು ಕೊರೆದು, ಅದಕ್ಕೂ ತಾನು ತಂದಿದ್ದ ಇನ್ನೊಂದು ಡ್ರಮ್ಮಿಗೂ ಅರ್ಧದಷ್ಟು ಹೊಂಡದ ನೀರನ್ನೇ ತುಂಬಿದ. ನೀರು ಕುಲುಕಬಾರದೆಂದು ಮೇಲೆ ಹೊಂಗೆಯ ಹಸಿ ಸೊಪ್ಪಿನ ಕೊಂಬೆ ತೇಲಿಬಿಟ್ಟ. ಸುತ್ತ ಒದ್ದೆ ಗೋಣಿತಾಟು ಕಟ್ಟಿದ. ಒಂದೊಂದು ಮೀನನ್ನೂ ಹಸಿಬಟ್ಟೆಯಲ್ಲಿ ಎರಡು ಕೈಯಿಂದ ಎತ್ತಿಕೊಂಡು ಬಂದ. ಕಡೆಗೆ ಸೊಂಟದ ಚೀಲ ಬಿಚ್ಚಿ, ಬಿಳಿಯದೇನನ್ನೋ ಒಂದು ಹಿಡಿ ಡ್ರಮ್ಮಿಗೆ ಎರಚಿದ. ಏನು ಅದು ಎಂದೆ. ಉಪ್ಪು ಎಂದ. ಮೀನಿಗೆ ದಾರಿಯಲ್ಲಿ ಗಾಬರಿ ಕಡಿಮೆಯಾಗುತ್ತದಂತೆ. ಮೀನಿಗೆ ಉಪ್ಪು ಹಾಕುವುದು ಯಾವಾಗ ಎಂದು ಮೀನು ತಿನ್ನದವನಿಗೂ ಗೊತ್ತು. ಇನ್ನು ಚೀಲದಿಂದ ಅರಿಸಿನ, ಖಾರದಪುಡಿ ಬರುವುದೊಂದೇ ಬಾಕಿ ಎಂದುಕೊಂಡು ನಾನು ಹಿಂದೆ ಡ್ರಮ್ಮುಗಳ ನಡುವೆಯೇ ಕೂತೆ.

ಹೊರಟು ಸ್ವಲ್ಪ ದೂರ ಬಂದಿದ್ದೆವು. ಜಡೆಯ ಮುಚ್ಚಳ ಎತ್ತಿ, ನೀರನ್ನು ಬೊಗಸೆಯಲ್ಲಿ ತೆಗೆದು ಮೂಸಿ ನೋಡಿ, ನನ್ನ ಕಡೆ ತಿರುಗಿದ.

“ಮೇಷ್ಟ್ರೇ, ಏನಾರ ಆಕುದ್ರಾ?”

“ಇಲ್ಲ ಕಣ. ನಾನ್ಯಾಕ ಆಕ್ಲಿ?”

ಜೇಬಿನಲ್ಲಿ ಚೀಟಿ ಇಟ್ಟುಕೊಂಡ ಹುಡುಗರು ಹೇಗೆ ನನ್ನ ಕಣ್ಣಿಗೆ ಕಣ್ಣಿಟ್ಟು ಹೇಳುತ್ತಿದ್ದರೋ ಹಾಗೆಯೇ ಹೇಳಿದೆ. ಅವರು ಹಾಗೆ ಹೇಳಿದಾಗ ನಾನು ಎಂದೂ ನಂಬಿದವನಲ್ಲ. ಜಡೆಯನೂ ನಂಬಲಿಲ್ಲ ಎಂದು ಕಾಣುತ್ತದೆ, ಆದರೆ ಜೇಬಿಗೆ ಕೈಹಾಕಲಿಲ್ಲ.

ಮುಂದೆ ಒಂದು ಹೊಲದಿಂದ ಕೋಸು ತುಂಬಿದ ಲಾರಿ ಹಿಂದಕ್ಕೆ ಬಂದು ರಸ್ತೆಗೆ ಅಡ್ಡ ನಿಂತಿತ್ತು. ಕಾಲು ಗಂಟೆ ಅಲ್ಲೇ ಆಯಿತು. ಲಾರಿಯವನು ಜಡೆಯನಿಗೆ ಕೈ ಬೀಸಿದ. ಇಬ್ಬರೂ ಒಳಗೊಳಗೇ ಮಾತಾಡಿಕೊಂಡಿದ್ದಾರೆ ಎಂದು ಅದನ್ನೂ ಗುರುತುಹಾಕಿಕೊಂಡೆ. ಬಿಸಿಲು ಏರುತ್ತಿತ್ತು. ಲಾರಿ ಸರಿದು ಗಾಡಿ ಹೊರಡುವಾಗ ಡ್ರಮ್ಮುಗಳೊಳಗಿಂದ ಪುಳುಕ್ ಪುಳುಕ್ ಎಂಬ ಸದ್ದು ಬಂತು. ಮುಚ್ಚಳ ಎತ್ತಿದರೆ ಮೀನುಗಳೆಲ್ಲ ಮೇಲೆ ಬಂದು ಸೊಪ್ಪಿನ ನಡುವೆ ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ನೀರು ಬಗ್ಗಡವಾಗಿತ್ತು. ಎರಡು ಮೀನು ಪಕ್ಕಕ್ಕೆ ವಾಲಿದ್ದವು. ಕೆಂಚನ ಹೊಟ್ಟೆಯ ಬಿಳಿ ಅರ್ಧ ಮೇಲೆ ಬಂದಿತ್ತು. ಉಪ್ಪು ಹಾಕಿ ಕೊಂದೆಯಲ್ಲೋ ಎಂದು ನಾನು ಜಡೆಯನ ಮೇಲೆ ಕೂಗಾಡಿದೆ. ಏನೇನಂದೆನೋ ಎಲ್ಲ ನೆನಪಿಲ್ಲ, ನೆನಪಿರುವುದನ್ನು ಬರೆಯಲು ನಾಚಿಕೆಯಾಗುತ್ತದೆ.

ಅವನು ಗಾಡಿಯ ತಲೆಗೆ ಬಡಿದು, ದನಗಳಿಗೆಂದು ಕಟ್ಟಿದ ರಸ್ತೆಬದಿಯ ನೀರಿನ ತೊಟ್ಟಿಯ ಪಕ್ಕ ನಿಲ್ಲಿಸಿದ. ಎರಡೂ ಡ್ರಮ್ಮು ವಾಲಿಸಿ ಕೆಟ್ಟ ನೀರನ್ನು ಮುಕ್ಕಾಲು ಚೆಲ್ಲಿದ. ತೊಟ್ಟಿಯಿಂದ ಕೊಡದಲ್ಲಿ ತುಂಬಿ, ತಲೆಯ ಎತ್ತರದಿಂದ ಸಣ್ಣಗೆ ಧಾರೆಯಾಗಿ ಸುರಿದ. ನೀರಿಗೆ ಗಾಳಿ ಸೇರಲಿ, ನಿಲ್ಲಿಸಬೇಡಿ ಎಂದು ಡ್ರೈವರಿಗೂ ನನಗೂ ಕೊಡ ಕೊಟ್ಟು ತಾನು ಡ್ರಮ್ಮಿಗೆ ಎರಡೂ ತೋಳು ಇಳಿಬಿಟ್ಟ. ಕೆಂಚನನ್ನು ಅಂಗೈಗಳ ಮೇಲೆ ನೆಟ್ಟಗೆ ಹಿಡಿದು, ಬಾಯಿಯನ್ನು ಧಾರೆಯ ಕಡೆಗೆ ತಿರುಗಿಸಿ, ಮುಂದಕ್ಕೆ ಹಿಂದಕ್ಕೆ ಮೆಲ್ಲಗೆ ಆಡಿಸುತ್ತಿದ್ದ. ಎಷ್ಟು ಹೊತ್ತೋ ತಿಳಿಯದು. ನನ್ನ ಭುಜ ಬಿದ್ದುಹೋಗಿತ್ತು. ಕಡೆಗೆ ಕೆಂಚ ಬಾಲ ಬಡಿದು ಅವನ ಕೈಯಿಂದ ಜಾರಿ ತಳಕ್ಕೆ ಹೋಯಿತು.

ಹನ್ನೊಂದು ಉಳಿದವು. ಆರು ಸತ್ತವು.

ಚೆಲ್ಲಿದ ನೀರು ನೆಲದ ಮೇಲೆ ಹರಿದು ನಿಂತಿತ್ತು. ಅದರ ಮೇಲೆ ಎಣ್ಣೆಯ ಪಸೆ ಹೊಳೆಯುತ್ತಿತ್ತು, ಅಲ್ಲಲ್ಲಿ ಮೀನು ಕಕ್ಕಿದ ಕಂದು ಚೂರುಗಳು. ಜಡೆಯ ಕುಕ್ಕರುಗಾಲಲ್ಲಿ ಕೂತು, ಕಡ್ಡಿಯಿಂದ ಅವನ್ನು ಬೇರೆ ಬೇರೆ ಸರಿಸಿದ. ಉತ್ತರಪತ್ರಿಕೆ ತಿದ್ದುವವನಷ್ಟೇ ನಿಧಾನ.

“ಇದು ಇಂಡಿ. ಇದು ಮುದ್ದ. ನೀವಿಬ್ರೂ ಆಕಿದ್ದೀರಿ.” ಆಮೇಲೆ ತಲೆಯೆತ್ತಿ ನನ್ನನ್ನೇ ನೋಡಿ ಕೇಳಿದ. “ದಿಂಬದ ಬಸ್ಸಿಗ ಒಟ್ಟ ತುಂಬ ಉಂಡು ಅತ್ತೀರಾ ಮೇಷ್ಟ್ರೇ? ನಿಮ್ಗಾದ್ರ ಕಿಟಕಿ ಅದ.”

ನಾನು ಕೊಡ ಹಿಡಿದು ನಿಂತೇ ಇದ್ದೆ. ನನ್ನ ಬಾಲ್ಯದ ಏಳನೆಯ ತಿರುವು ಕಣ್ಣಮುಂದೆ ಬಂತು. ಇಷ್ಟು ಸರಳ ವಿಷಯ ನನಗೆ ತಿಳಿಯದ್ದೇನಲ್ಲ, ಹೇಳಿದವನು ಯಾರು ಎಂಬುದೊಂದೇ ಅಡ್ಡ ಬಂದಿತ್ತು. ತಪ್ಪಾಯಿತು ಜಡೆಯ ಎಂದೆ. ಅವನು ಬೀಡಿ ಹಚ್ಚಿದ.

ಸತ್ತ ಆರನ್ನು ನೀನೇ ತೆಗೆದುಕೊಂಡು ಹೋಗು ಎಂದೆ. ನಾನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅವನು ತಲೆಯಾಡಿಸಿದ.

“ಅವ್ವಾರು ಕರುದ್ರ ಬರೋವು. ಅಂತವ್ನ ಎಂಗ ತಿನ್ನಾದು?”

ಗಾಡಿಯಲ್ಲಿದ್ದ ಹಾರೆಯಿಂದ ತೊಟ್ಟಿಯ ಪಕ್ಕದ ಹೊಂಗೆಮರದಡಿ ಗುಂಡಿ ತೆಗೆದು ಆರನ್ನೂ ಹೂತೆವು. ದೊಡ್ಡಗಾಜನೂರು ತಲುಪಿದ ಮೇಲೂ ಜಡೆಯ ಮೀನುಗಳನ್ನು ತಕ್ಷಣ ಬಿಡಲಿಲ್ಲ. ಅಲ್ಲಿನ ಹೊಂಡದ ನೀರನ್ನು ಚೊಂಬು ಚೊಂಬಾಗಿ ಡ್ರಮ್ಮಿಗೆ ಬೆರೆಸುತ್ತ ಅರ್ಧ ಗಂಟೆ ಕೂತ. ಹೊಸ ನೀರಿನ ಚಳಿ ಅಭ್ಯಾಸವಾಗಬೇಕಂತೆ. ಆ ಅರ್ಧ ಗಂಟೆಯಲ್ಲಿ ಅವನ ಮೇಲೆ ನನಗೆ ಯಾವ ಅನುಮಾನವೂ ಬರಲಿಲ್ಲ. ಹಾಗೆ ಖಾಲಿ ಕೂತದ್ದು ನನಗೇ ಹೊಸದಾಗಿತ್ತು.

ಮಧ್ಯಾಹ್ನ ತಿಗನಾರೆಗೆ ಬಂದೆವು. ಅವ್ವ ಬಾಗಿಲಲ್ಲೇ ನಿಂತಿದ್ದಳು. ಎಲ್ಲ ಸೇರಿದವಾ ಎಂದು ಕೇಳಿದಳು. ದಾರಿಯುದ್ದಕ್ಕೂ ನಾನು ಜೋಡಿಸಿಕೊಂಡು ಬಂದಿದ್ದ ಮಾತನ್ನು ಬಿಟ್ಟು, ಚಪ್ಪಲಿ ಕಳಚುವ ನೆಪದಲ್ಲಿ ಬಗ್ಗಿದೆ. ಜಡೆಯ ಒಂದು ಹೆಜ್ಜೆ ಮುಂದೆ ಬಂದ.

“ಎಲ್ಲಾ ಸೇರ್ಕಂಡೊ ಅವ್ವಾರೆ. ಕೆಂಚ ಚೆಂದಾಗದ.”

“ಸೇರ್ದೇ ಏನು? ಬೆಳಗ್ಗೆ ನಾನೇ ಎಲ್ಡು ಮುದ್ದ ಮುರ್ದಾಕಿ ಕಳ್ಸಿವ್ನಿ. ನಿನ್ ಮಾತು ಕೇಳಿದ್ರ ಅಸ್ಕಂಡೇ ಸತ್ತೋಗವು.”

ಜಡೆಯ ಹೌದೆಂಬಂತೆ ತಲೆಯಾಡಿಸಿ, ಬಲೆ ಸುತ್ತಿಕೊಂಡು ಬಸ್ಸಿಗೆ ನಡೆದ. ಒಂದು ದಿನವೂ ಅವನು ನನಗೆ ಸುಳ್ಳು ಹೇಳಿರಲಿಲ್ಲ. ಹೇಳಿದ ಒಂದೇ ಸುಳ್ಳು ಅದು, ಅದೂ ನಮ್ಮವ್ವನ ಕೈ ಅವಳಿಗೆ ಕಹಿಯಾಗದಿರಲೆಂದು. ನಾನು ತಿದ್ದಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ನನ್ನ ನಾಳೆಗಳು ಎರಡು ತಿಂಗಳು ಉದ್ದವಿದ್ದವು.

ಎರಡು ತಿಂಗಳಾದ ಮೇಲೆ ಅವ್ವ ಮಗಳ ಮನೆಗೆ ಹೋದಳು. ಹೊಂಡದ ದಡದಲ್ಲಿ ನಿಂತು ಕರೆದಳು. ಕೆಂಚ ಬಂತು, ಉಳಿದವೂ ಬಂದವು. ಅವ್ವ ಎಣಿಸದೆ ಬಿಡುವವಳೇ? ಮೂರು ದಿನ, ಮೂರು ಹೊತ್ತು ಎಣಿಸಿದಳಂತೆ. ಬಸ್ಸಿಳಿದವಳು ಕೈಚೀಲ ಕೆಳಗಿಡುವ ಮುಂಚೆಯೇ ಹೇಳಿದಳು.

“ಅನ್ನೊಂದೇ ಕಣ್ಲಾ ಬಂದದ್ದು. ಆರು ಎಲ್ಲಿ? ಜಡೆಯ ತಿಂದವ್ನ. ನಂಗಾಗ್ಲೇ ಗೊತ್ತಿತ್ತು.”

ಆಗಲೂ ನಾನು ಬಾಯಿಬಿಡಲಿಲ್ಲ, ನಿಮ್ಮ ಮುಂದೆ ಮುಚ್ಚಿಡುವುದೇನು. ಮುಂದಿನ ಸಂತೆಯ ದಿನ ಅವ್ವ ಬದನೆಕಾಯಿ ಅಲ್ಲಾಡಿಸುತ್ತ ಅಲ್ಲಿ ಸಿಕ್ಕವರಿಗೆಲ್ಲ ಅದನ್ನು ಹೇಳಿದಳು. ಅದೇ ವಾರ ನಮ್ಮೂರಿನ ಇನ್ನೊಬ್ಬರು ತಮ್ಮ ಹೊಂಡದ ಮೀನು ಬೇರೆಡೆಗೆ ಬಿಡಲು ಜಡೆಯನಿಗೆ ಹೇಳಿಕಳಿಸಿದ್ದರು. ಅವನು ಬಲೆ ಹೊತ್ತು ಬಂದ. ಈಗ ಬೇಡ, ಆಮೇಲೆ ನೋಡೋಣ ಎಂದು ಬಾಗಿಲಿಂದಲೇ ಹಿಂದೆ ಕಳಿಸಿದರಂತೆ. ಬಸ್ಸಿನ ನಿಲ್ದಾಣದಲ್ಲಿ ಬಲೆಯ ಗಂಟಿನ ಮೇಲೆ ಕೂತಿದ್ದವನನ್ನು ನಾನೇ ನೋಡಿದೆ. ಏಕೆ ಕೆಲಸ ತಪ್ಪಿತು ಎಂದು ಅವನಿಗೆ ತಿಳಿದಿತ್ತು. ಆದರೂ ಮೇಷ್ಟ್ರೇ, ಕೆಂಚ ಎಂಗದ ಎಂದಷ್ಟೇ ಕೇಳಿದ. ಚೆನ್ನಾಗಿದೆ ಎಂದೆ. ಅಲ್ಲಿಂದ ಮನೆಗೆ ನಡೆದ ದಾರಿ ನನಗೆ ಬಹಳ ಉದ್ದವಾಯಿತು.

ಅವ್ವ ಒಲೆಯ ಮುಂದೆ ಇದ್ದಳು. ನಾನು ನಿಂತೇ ಹೇಳಿದೆ.

“ಜಡೆಯ ತಿಂದಿಲ್ಲ ಕಣವ್ವ. ನಾವೇ ಉಣ್ಸಿ ಕೊಂದೊ. ನೀನು ಮುದ್ದ ಆಕಿದ್ದೆ, ನಾನು ಇಂಡಿ ಆಕಿದ್ದೆ.”

ಎಲ್ಲವನ್ನೂ ಹೇಳಿದೆ, ಕಡ್ಡಿಯಿಂದ ಅವನು ಬೇರೆ ಮಾಡಿ ತೋರಿಸಿದ್ದನ್ನೂ, ಹೊಂಗೆಮರದ ಗುಂಡಿಯನ್ನೂ. ಅವ್ವ ಮುದ್ದೆಕೋಲು ಕೈಯಲ್ಲಿ ಹಿಡಿದೇ ಕೇಳಿದಳು. ನಂಬಿದಳೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ. ಮಾರನೆಯ ದಿನ ತಾನೇ ನಡೆದು ಹೋಗಿ, ಜಡೆಯನನ್ನು ಹಿಂದೆ ಕಳಿಸಿದ ಮನೆಯವರೊಂದಿಗೆ ಜಗಲಿಯಲ್ಲಿ ಕೂತು ಏನೋ ಹೇಳಿಬಂದಳು. ಏನು ಹೇಳಿದಳೆಂದು ನಾನು ಕೇಳಲಿಲ್ಲ. ವಾರದಲ್ಲಿ ಅವರು ಜಡೆಯನನ್ನು ಮತ್ತೆ ಕರೆಸಿದರು.

ಅವರ ಕೆಲಸ ಮುಗಿಸಿ, ನಮ್ಮ ಹೊಂಡದ ಹರಿದ ಹಾಳೆಗೆ ತೇಪೆ ಹಾಕಲು ಆಗುತ್ತದೋ ನೋಡಲು ಅವನು ನಮ್ಮಲ್ಲಿಗೂ ಬಂದ. ಊಟದ ಹೊತ್ತಾಗಿತ್ತು. ಅವ್ವ ನಡುಮನೆಯಲ್ಲಿ ನನ್ನ ತಟ್ಟೆಯ ಪಕ್ಕದಲ್ಲೇ ಇನ್ನೊಂದು ತಟ್ಟೆ ಇಟ್ಟಳು, ಅದರ ಪಕ್ಕ ನಮ್ಮ ಮನೆಯದೇ ಲೋಟ. ಜಡೆಯ ಹೊಸ್ತಿಲಲ್ಲಿ ಅನುಮಾನಿಸಿದ. ನಾನು ಕೈಹಿಡಿದು ಕೂರಿಸಿದೆ. ಅವ್ವ ಬಿಸಿ ಮುದ್ದೆ ಹಿಡಿದು ಬಂದವಳು, ಬಡಿಸುವ ಮುಂಚೆ ತಡೆದು ನಿಂತಳು.

“ಇವತ್ತು ಗಾಟಿ ಇಳೀಬೇಕಾ ಜಡೆಯ?”

ಹೌದು, ಮೂರು ಗಂಟೆಯ ಬಸ್ಸು, ಅಣೆಕಟ್ಟಿನ ಹತ್ತಿರ ಕೆಲಸವಿದೆ ಎಂದ.

ಅವ್ವ ಮುದ್ದೆಯನ್ನು ಕೈಯಲ್ಲಿ ಮುರಿದಳು.

“ಅಂಗಾರ ಅರ್ದ ಉಣ್ಣು, ಸಾಕು. ಮಿಕ್ಕಿದ್ದ ಕಟ್ಕೊಡ್ತೀನಿ, ಇಳುದ್ಮೇಲ ತಿನ್ನುವಂತೆ.”

ನನ್ನ ಅರವತ್ತು ವರ್ಷದಲ್ಲಿ ಅವ್ವ ಯಾರ ತಟ್ಟೆಗೂ ಅರ್ಧ ಮುದ್ದೆ ಬಡಿಸಿದ್ದನ್ನು ನಾನು ಕಂಡಿರಲಿಲ್ಲ.